ದೇವರ ಮುಂದಿನ ನಾಲ್ಕು ಬೋಲ್ಟು

ಮನುಷ್ಯನ ಆಯುಷ್ಯ ಮೇಲಿರುವವನ ಕೈಯಲ್ಲಿದೆ ಎಂದು ಹಿರಿಯರು ಹೇಳಿದ್ದಾರೆ. ಇದನ್ನು ಅಲ್ಲಗಳೆಯುವ ಧೈರ್ಯ ಯಾವ ಕಾಲದಲ್ಲೂ ಯಾರಿಗೂ ಬಂದಿಲ್ಲ. ನಮ್ಮ ಎಂಜಿನಿಯರ್ ಸಾಹೇಬರಿಗೆ ಮಾತ್ರ, ಮೇಲಿರುವವನನ್ನು ಅಲ್ಲಿ ಯಾವ ಬೋಲ್ಟಿನಿಂದ ಸಿಕ್ಕಿಸಿದ್ದಾರೆ ಎಂದು ತಿಳಿಯುವ ತನಕ ಸಮಾಧಾನವಿರುತ್ತಿರಲಿಲ್ಲ.

ಸಾಹೇಬರ ಗದ್ದದ ಅಡಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಗಾಯದ ಕಲೆಯಿತ್ತು. ಗದ್ದದ ಅಡಿಯ ಕಲೆ ಎದುರಿನವರಿಗೆ ಕಾಣಲು ನ್ಯಾಯವಾಗಿ ಕಾರಣವಿಲ್ಲ. ಆದರೆ ಅವರ ಗದ್ದ ಸದಾ ಮೇಲಕ್ಕೆ ಎತ್ತಿಕೊಂಡೇ ಇರುತ್ತಿದ್ದರಿಂದ, ಹೊಸಬರಿಗೆ ಅವರ ಮುಖಕ್ಕಿಂತ ಮೊದಲು ಪರಿಚಯವಾಗುತ್ತಿದ್ದದ್ದು ಆ ಕಲೆಯೇ. ಒಂದು ದಿನ ಸ್ಟೇಷನ್ನಿನ ಮಾಡಿಗೆ ತೂಗುಹಾಕಿದ್ದ ದೊಡ್ಡ ಗಡಿಯಾರದ ಕೊಕ್ಕೆಯನ್ನು ಪರೀಕ್ಷಿಸುತ್ತಾ ನಡೆಯುವಾಗ, ಯಾರೋ ಕೆಳಗಿಟ್ಟಿದ್ದ ಟ್ರಂಕನ್ನು ಎಡವಿ ಆದ ಗಾಯವಂತೆ ಅದು. ಗಡಿಯಾರ ಬೀಳಲಿಲ್ಲ; ಅದು ಬಿದ್ದೀತೆಂದು ನೋಡುತ್ತಿದ್ದವರು ಬಿದ್ದರು. ಈ ಪ್ರಸಂಗದಿಂದ ಸಾಹೇಬರು ಕಲಿತ ಪಾಠವೆಂದರೆ, ಟ್ರಂಕುಗಳನ್ನು ದಾರಿಯಲ್ಲಿಡಬಾರದು ಎಂಬುದು.

ನಾನು ಮುಂಬಯಿಗೆ ಬಂದಾಗ ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೋಟೆಯ ಕಡೆ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನ ಕೆಲಸ, ಮಾಟುಂಗದಲ್ಲಿ ಒಂದು ಮಂಚ ಹಿಡಿಯುವಷ್ಟು ಜಾಗ ದೊರಕಿದವು. ಆ ಜಾಗ ಸಾಹೇಬರ ಕೋಣೆಯಲ್ಲಿತ್ತು. ಅವರು ಮೈಸೂರಿನ ಕಡೆಯವರು; ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಯಂತ್ರಗಳ ಮೇಲ್ವಿಚಾರಣೆಯ ಎಂಜಿನಿಯರು. ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ಊರಿನ ಕಡೆಗೇ ಕೊಟ್ಟಿದ್ದರು. ಇನ್ನು ಉಳಿದದ್ದು ಅವರು ಮತ್ತು ಜಗತ್ತಿನ ಸಮಸ್ತ ಚಾವಣಿಗಳು.

ಮೊದಲ ದಿನ ನಾನು ಹಾಸಿಗೆಯ ಸುರುಳಿ ಹಿಡಿದು ಕೇಳಿದೆ: "ಮಂಚ ಎಲ್ಲಿ ಹಾಕ್ಕೊಳ್ಳಲಿ ಸಾರ್?"

ಸಾಹೇಬರು ಮೇಲೆ ನೋಡಿದರು. ಅಲ್ಲೊಂದು ಫ್ಯಾನಿನ ಕೊಕ್ಕೆಯಿತ್ತು, ಫ್ಯಾನಿರಲಿಲ್ಲ.

"ಅದು ನಿಮ್ಮಿಷ್ಟ ಕಣ್ರೀ. ಇಲ್ಲಿ ಹಾಕ್ಕೊಂಡು ಮಾಲೀಕನ ಹತ್ರ ಫ್ಯಾನ್ ಕೇಳಿದ್ರೆ ಗಾಳಿ ಬರುತ್ತೆ. ಆ ಮೂಲೇಲಿ ಹಾಕ್ಕೊಂಡ್ರೆ ಬೆಳಗಾಗುತ್ತೆ."

ನಾನು ಮೂಲೆಯನ್ನೇ ಆರಿಸಿಕೊಂಡೆ. ಆ ಕೊಕ್ಕೆಯನ್ನು ಅವರು ಮೊದಲೇ ಪರೀಕ್ಷಿಸಿ ನಪಾಸು ಮಾಡಿದ್ದರಂತೆ. ಹೀಗಾಗಿ ಮುಂಬಯಿಯ ಮೇ ತಿಂಗಳನ್ನು ನಾವಿಬ್ಬರು ಬೀಸಣಿಗೆ ಬೀಸಿಕೊಂಡು, ಬೆವರಿ, ಆದರೆ ಸಂಪೂರ್ಣ ಸುರಕ್ಷಿತವಾಗಿ ಕಳೆಯುತ್ತಿದ್ದೆವು.

ನಮ್ಮ ಕೋಣೆ ಕಟ್ಟಡದ ತುದಿಯ ಅಂತಸ್ತಿನಲ್ಲಿತ್ತು; ನೆಲ ಅಂತಸ್ತಿನಲ್ಲಿ ಉಡುಪಿಯ ಕಡೆಯವರ ಒಂದು ಹೋಟೆಲಿತ್ತು. ಬೀದಿಯ ಕಡೆಗೆ ಮೇಜು ಕುರ್ಚಿ, ಅದರ ಹಿಂದೆ ಅಡಿಗೆಮನೆ, ಎಲ್ಲಕ್ಕೂ ಹಿಂದೆ ಹಿಟ್ಟು ರುಬ್ಬುವ ಕೋಣೆ. ಅಲ್ಲಿ ದೊಡ್ಡ ದೊಡ್ಡ ಕಲ್ಲುಗಳ ಮುಂದೆ ಕುಳಿತು ಊರಿಗೆಲ್ಲ ಸಾಲುವಷ್ಟು ಹಿಟ್ಟು ರುಬ್ಬುತ್ತಿದ್ದವರು ಯಜಮಾನರ ಹೆಂಡತಿಯ ತಮ್ಮ. ತಮ್ಮೂರಿನ ರೂಢಿಯಂತೆ ಯಜಮಾನರೂ ಅವರೂ ಒಬ್ಬರನ್ನೊಬ್ಬರು 'ಭಾವ' ಎಂದೇ ಕರೆಯುತ್ತಿದ್ದರು; ಬೀದಿಗೆಲ್ಲ ಭಾವನಾದವರು ಮಾತ್ರ ಹಿಟ್ಟು ರುಬ್ಬುವವರು. ಬೆಳಗಿನ ಜಾವದಿಂದಲೇ ಯಕ್ಷಗಾನದ ಪದ ಹೇಳಿಕೊಂಡು ರುಬ್ಬುವುದು ಅವರ ಪದ್ಧತಿ. ಕಲ್ಲಿಗೆ ಕಿವಿಯಿಲ್ಲದಿದ್ದುದು ಒಂದು ಅನುಕೂಲ.

ವ್ಯಾಪಾರ ಬೆಳೆಯಿತು, ಭಾವನ ರಟ್ಟೆ ಬೆಳೆಯಲಿಲ್ಲ. ಯಜಮಾನರು ಕಲ್ಲುಗಳನ್ನು ವಿದ್ಯುತ್ತಿನಿಂದ ತಿರುಗಿಸುವ ನಿಶ್ಚಯ ಮಾಡಿದರು. ಕೋಣೆಯ ಚಾವಣಿಗೆ ಎರಡು ಎರಕದ ಕಬ್ಬಿಣದ ತೋಳುಗಳನ್ನು ಸಿಕ್ಕಿಸುವುದು, ಅವುಗಳ ನಡುವೆ ಉದ್ದನೆಯ ಶಾಫ್ಟು, ಶಾಫ್ಟಿನ ಮೇಲೆ ಚಕ್ರಗಳು, ಚಕ್ರದಿಂದ ಇಳಿದ ಪಟ್ಟಿಗಳು ಕೆಳಗಿನ ಕಲ್ಲುಗಳನ್ನು ತಿರುಗಿಸುವುದು. ಗಿರಣಿಯಲ್ಲಿ ಮಗ್ಗಗಳು ನಡೆಯುತ್ತಿದ್ದದ್ದು ಹೀಗೆಯೇ. ಗಿರಣಿಯಲ್ಲಿ ಬಟ್ಟೆ ಬರುವುದಾದರೆ ಇಲ್ಲಿ ದೋಸೆ ಬರಲಿಕ್ಕೆ ಏನು ಅಡ್ಡಿ ಎಂಬುದು ಯಜಮಾನರ ತರ್ಕ.

ಕೆಲಸ ವಹಿಸಿಕೊಂಡ ಕಂತ್ರಾಟುದಾರ ಚುರುಕು ಮನುಷ್ಯ. ಮುಂಬಯಿಯಲ್ಲೇ ಹುಟ್ಟಿದವನು, ಎಲ್ಲ ಭಾಷೆಗಳನ್ನೂ ಒಂದೇ ವಾಕ್ಯದಲ್ಲಿ ಆಡಬಲ್ಲವನು. ಸಾಹೇಬರು ಗಿರಣಿಯಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ಯಜಮಾನರು ಹೆಮ್ಮೆಯಿಂದ ಸಂಗತಿ ತಿಳಿಸಿದರು. ಸಾಹೇಬರು ಲೋಟ ಕೆಳಗಿಟ್ಟರು.

"ತೋಳುಗಳನ್ನ ಸ್ಲ್ಯಾಬಿಗೆ ಹ್ಯಾಗೆ ಸಿಕ್ಕಿಸ್ತಾನೆ?"

"ಅದೆಂಥದೋ ಹೊಸ ಬೋಲ್ಟ್ ಉಂಟಂತೆ ಮಾರಾಯ್ರೆ. ತೂತಿಗೆ ಹಾಕಿ ತಿರುಗಿಸಿದರೆ ಒಳಗೆ ಹಿಗ್ಗಿ ಕೂತುಕೊಳ್ತದಂತೆ. ಆನೆ ಕಟ್ಟಿದರೂ ಬರುವುದಿಲ್ಲವಂತೆ."

"ಆನೆ ಕಟ್ಟಿ. ನಂದೇನೂ ಅಭ್ಯಂತರ ಇಲ್ಲ. ಆನೆ ಸುಮ್ಮನೆ ನಿಂತಿರುತ್ತೆ. ಶಾಫ್ಟ್ ಕಟ್ಟಬೇಡಿ."

ಈ ಮಾತಿನ ಹಿಂದೆ ಒಂದು ದರ್ಶನವಿತ್ತು. ಸಾಹೇಬರು ಅದನ್ನು ಸಿಕ್ಕಸಿಕ್ಕವರಿಗೆ ಉಪದೇಶಿಸುತ್ತಿದ್ದರು, ನನಗಂತೂ ಪ್ರತಿ ಭಾನುವಾರ. ಸುಮ್ಮನೆ ನೇತಾಡುವ ಭಾರ ಸಜ್ಜನ. ತಾನೆಷ್ಟು ಎಂದು ಒಮ್ಮೆ ಹೇಳಿ ಸುಮ್ಮನಾಗುತ್ತದೆ. ನಡುಗುವ ಭಾರ ಹೆಣ್ಣು ಕೇಳಲು ಬಂದವರ ಹಾಗೆ. ದಿನವೂ ಬಂದು ಅದೇ ಮಾತನ್ನಾಡಿ ಆಡಿ ಕೊನೆಗೆ ಒಪ್ಪಿಸಿಬಿಡುತ್ತದೆ. ಬೋಲ್ಟುಗಳಲ್ಲೂ ಜಾತಿಗಳುಂಟು. ಮರದ ಗೂಟ ಬಡಿದು ತಿರುಗಿಸಿದ ಮೊಳೆ ಮದುವೆಗೆ ಬಂದ ನೆಂಟ, ಎರಡು ದಿನ ಗಟ್ಟಿಯಾಗಿರುತ್ತಾನೆ. ಹಿಗ್ಗುವ ಬೋಲ್ಟು ಹೊಗಳಿಕೆಗೆ ಉಬ್ಬಿದ ಗುಮಾಸ್ತ (ಇಲ್ಲಿ ನನ್ನ ಕಡೆ ನೋಡುತ್ತಿದ್ದರು). ಬರೀ ಉಬ್ಬಿನ ಬಲದಿಂದ ಹಿಡಿದುಕೊಂಡಿರುತ್ತಾನೆ, ನಡುಗಿಸಿದರೆ ಬಿಟ್ಟುಬಿಡುತ್ತಾನೆ. ತಲೆಯ ಮೇಲೆ ನಡುಗುವ ಭಾರಕ್ಕೆ ತಕ್ಕದ್ದು ಒಂದೇ: ಸ್ಲ್ಯಾಬಿನಲ್ಲಿ ಆರುಪಾರು ತೂತು ಹೊಡೆದು, ಬೋಲ್ಟನ್ನು ಮೇಲಕ್ಕೆ ಹಾಯಿಸಿ, ಮೇಲಿನ ಅಂತಸ್ತಿನ ನೆಲದಲ್ಲಿ ದಪ್ಪ ತಗಡು ಹಾಕಿ, ಜೋಡಿ ನಟ್ಟು ಬಿಗಿಯುವುದು. "ಅವನು ಮನೆ ಅಳಿಯ ಕಣ್ರೀ. ಮನೆ ಬಿದ್ರೆ ಮಾತ್ರ ಬೀಳ್ತಾನೆ."

"ಮೇಲಿನ ಅಂತಸ್ತಿನ ನೆಲದಲ್ಲಿ?" ಎಂದರು ಯಜಮಾನರು.

"ಮೇಲಿನ ಅಂತಸ್ತಿನ ನೆಲದಲ್ಲಿ."

ಯಜಮಾನರು ತಕ್ಷಣ ಹೊಸ ಬೋಲ್ಟಿನ ಪಕ್ಷ ವಹಿಸಿದರು. ಯಾಕೆಂದರೆ ಮೇಲಿನ ಅಂತಸ್ತಿನಲ್ಲಿ ಧಾರವಾಡದ ಅಜ್ಜಿ ಇದ್ದರು. ರುಬ್ಬುವ ಕೋಣೆಯ ನೆತ್ತಿಗೆ ಸರಿಯಾಗಿ ಇದ್ದದ್ದು ಅವರ ದೇವರ ಕೋಣೆ.

"ಬಿದ್ದರೆ ಯಾರ ಮೇಲೆ ಬೀಳುತ್ತೆ, ಯೋಚನೆ ಮಾಡಿದೀರಾ?" ಎಂದು ಸಾಹೇಬರು ಕೇಳಿದರು.

"ಅಲ್ಲಿ ನಿಲ್ಲುವವನು ಭಾವ ಅಲ್ಲವಾ."

ಹೀಗೆಂದು ಯಜಮಾನರು ಯೋಚನೆಯಲ್ಲಿ ಬಿದ್ದರು. ಆ ಯೋಚನೆ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಡೆಯಿತು ಎಂಬುದು ನನ್ನ ಅಭಿಪ್ರಾಯ. ಕೊನೆಗೆ, "ಊರಿನಲ್ಲಿ ಹೆಂಡತಿಗೆ ಎಂಥ ಹೇಳುವುದು?" ಎಂದು ನಿಟ್ಟುಸಿರಿಟ್ಟರು. ಭಾವನ ತಲೆಯ ಪ್ರಶ್ನೆ ಹೀಗೆ ಅಧಿಕೃತವಾಗಿ ಚರ್ಚೆಗೆ ಬಂದಿತು.

ಮಾರನೆಯ ದಿನ ಕಂತ್ರಾಟುದಾರ ತಾನೇ ಪರೀಕ್ಷೆಗೆ ಸಿದ್ಧನಾದ. ರುಬ್ಬುವ ಕೋಣೆಯ ಚಾವಣಿಗೆ ತನ್ನ ಒಂದು ಬೋಲ್ಟು ಹಾಕಿ, ಅದಕ್ಕೊಂದು ಕೊಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು ಕೊಕ್ಕೆಯನ್ನು ಎರಡೂ ಕೈಯಿಂದ ಹಿಡಿದು ಸ್ಟೂಲನ್ನು ಒದ್ದ. ಬಾವಲಿಯಂತೆ ನೇತಾಡುತ್ತಾ, "ದೇಖೋ ಸಾಬ್! ನಾನು ಪೂರಾ ಲಟಕಿದೀನಿ. ಕುಛ್ ಹುವಾ?" ಎಂದ.

ಸಾಹೇಬರು ಗದ್ದ ಎತ್ತಿ ನೋಡಿದರು. "ಏನೂ ಆಗಿಲ್ಲ. ಭೇಷ್. ಹಾಗೇ ಇರಿ." ಆಮೇಲೆ ಭಾವನ ಕಡೆ ತಿರುಗಿ, "ಆ ಕೊಡತಿ ತಗೊಳ್ಳಿ. ಕೊಕ್ಕೆಯ ಪಕ್ಕಕ್ಕೆ ಮೆಲ್ಲಗೆ ಬಡೀತಾ ಇರಿ. ತಾಳ ಹಾಕಿದ ಹಾಗೆ. ಜೋರಾಗಿ ಬೇಡ, ನಿಲ್ಲಿಸೋದೂ ಬೇಡ. ನಾನು ಕಾಫಿ ಕುಡಿದು ಬರ್ತೀನಿ."

ಭಾವ ಒಂದು ಬೆಂಚಿನ ಮೇಲೆ ನಿಂತು ಕೊಡತಿಯಿಂದ ತಾಳ ಹಾಕಲಾರಂಭಿಸಿದರು. ಕೈಗೆ ತಾಳ ಬಂದರೆ ಬಾಯಿಗೆ ಪದ ಬರುವುದು ಅವರ ಸ್ವಭಾವ, ಹಾಡೂ ಶುರುವಾಯಿತು. ನೇತಾಡುತ್ತಿದ್ದವನು ಮೊದಲು ನಕ್ಕ. ಆಮೇಲೆ, "ಏ ಭಾವ, ಗಾನಾ ಬಂದ್ ಮಾಡು, ಕೈ ನೋಯ್ತದೆ," ಎಂದ. ಸಾಹೇಬರು ಒಂದು ಕಾಫಿ ಮುಗಿಸಿ ಇನ್ನೊಂದು ತರಿಸಿದರು. ಕಂತ್ರಾಟುದಾರನ ಮೂಗಿನ ಮೇಲೆ ಬಿಳಿಯ ಪುಡಿ ಉದುರಿತು. ಅವನು ಸೀನಿದ. ಆ ಸೀನಿಗೆ ಬೋಲ್ಟು ತನ್ನ ನಿರ್ಧಾರವನ್ನು ಪ್ರಕಟಿಸಿತು. ಅವನು ನೇರವಾಗಿ ಕೆಳಗೆ ನೆನೆಹಾಕಿದ್ದ ಉದ್ದಿನಬೇಳೆಯ ಕೊಪ್ಪರಿಗೆಯಲ್ಲಿ ಆಸೀನನಾದ.

ಸಾಹೇಬರು ಬಂದು ಬೋಲ್ಟನ್ನು ಎತ್ತಿಕೊಂಡು, ಒರೆಸಿ, ಕೊಪ್ಪರಿಗೆಯೊಳಗಿದ್ದವನ ಕೈಗೇ ಕೊಟ್ಟರು. "ಬೋಲ್ಟು ಕೆಟ್ಟದ್ದಲ್ಲ. ಗೋಡೆ ಮೇಲೆ ಫೋಟೋ ಹಾಕೋಕೆ ತುಂಬಾ ಚೆನ್ನಾಗಿದೆ."

ಆ ದಿನದ ವಡೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಚೆನ್ನಾಗಿತ್ತು.

ಹೊಸ ಬೋಲ್ಟು ಸೋತದ್ದರಿಂದ ಅಜ್ಜಿಯನ್ನು ಗೆಲ್ಲದೆ ಗತಿಯಿರಲಿಲ್ಲ. ಅಜ್ಜಿ ಮಡಿ ಮೈಲಿಗೆಯಲ್ಲಿ ಕಟ್ಟುನಿಟ್ಟು. ಅವರ ಗಂಡ ರೈಲ್ವೆಯಿಂದ ನಿವೃತ್ತರಾದವರು, ಕಿವಿ ಪೂರ್ತಿ ಮಂದ, ಆದ್ದರಿಂದ ಸುಖಿ. ಯಜಮಾನರು ತಾವು ಬರುವುದಿಲ್ಲವೆಂದು ಮೊದಲೇ ಕೈಮುಗಿದಿದ್ದರು. ಒಂದು ಸಂಜೆ ಸಾಹೇಬರು ನನ್ನನ್ನು ಸಾಕ್ಷಿಗೆಂದು ಕರೆದುಕೊಂಡು ಮೇಲೆ ಹೋದರು. ಅಜ್ಜಿ ಬಾಗಿಲಲ್ಲೇ ತಡೆದರು.

"ಅಲ್ಲೇ ನಿಂತು ಹೇಳಪಾ."

ಸಾಹೇಬರು ಹೇಳಿದರು. ತೂತು, ತಗಡು, ನಟ್ಟು.

"ದೇವರ ಮುಂದ ನಾಕು ತೂತ ಹೊಡೀತಿ? ಹೋಟೆಲ್ಲಿನ ಹೊಗಿ ಬರಲಿಕ್ಕೆ? ನಿನಗ ಬುದ್ಧಿ ಐತೋ ಇಲ್ಲೊ? ಎಂಜಿನೇರ ಅಂತಾರ ನಿನಗ!"

"ತೂತು ಕಾಣಲ್ಲ ಅಜ್ಜಿ, ಬೋಲ್ಟು ಮುಚ್ಚಿಬಿಡುತ್ತೆ."

"ಬೋಲ್ಟಿನ ಮ್ಯಾಲ ಕುಂತು ಪೂಜಿ ಮಾಡ್ಲೇನು? ಹೋಗ ಹೋಗ."

ಸಾಹೇಬರು ಹೋಗಲಿಲ್ಲ. ಮೇಲೆ ನೋಡಿದರು; ಅಜ್ಜಿಯ ಬಾಗಿಲ ಬಳಿಯ ಚಾವಣಿಯಲ್ಲಿ ಏನೂ ನೇತಾಡುತ್ತಿರಲಿಲ್ಲ. ಬಹುಶಃ ಅದೇ ಧೈರ್ಯದಲ್ಲಿ, ನಾನು ಅದುವರೆಗೆ ಕೇಳದಿದ್ದ, ಆಮೇಲೂ ಕೇಳದ ಒಂದು ಮಾತನ್ನು ಹೇಳಿದರು.

"ನಾನು ಗಿರಣಿಗೆ ಸೇರಿದ ಹೊಸದರಲ್ಲಿ ಅಜ್ಜಿ, ಒಂದು ಶಾಫ್ಟಿನ ತೋಳು ಕಿತ್ತುಬಂತು. ಆರುಪಾರು ಹಾಕಿರಲಿಲ್ಲ. ಕೆಳಗೆ ಒಬ್ಬ ಜಾಬರ್, ಮಗ್ಗದ ಮೇಸ್ತ್ರಿ, ನಿಂತಿದ್ದ. ಚಹಾ ಕುಡೀತಾ ಇದ್ದೋನು, ಸಾಬ್ ಸ್ವಲ್ಪ ಹಿಡ್ಕೊಳ್ಳಿ ಅಂತ ಲೋಟ ನನ್ನ ಕೈಗೆ ಕೊಟ್ಟು ಪಟ್ಟಿ ಸರಿ ಮಾಡೋಕೆ ಹೋದ. ಆಮೇಲೆ ಆ ಲೋಟ ಯಾರಿಗೆ ಕೊಡಬೇಕು ಅಂತ ಗೊತ್ತಾಗಲಿಲ್ಲ."

ಅಜ್ಜಿ ಬಾಗಿಲಿಗೆ ಅಡ್ಡ ಹಿಡಿದಿದ್ದ ಕೈ ತೆಗೆದರು.

"ಕೆಳಗ ಯಾರ ನಿಂದರತಾರ?"

"ಭಾವ."

"ಮುಂಜಾನೆ ಹಾಡತಾನಲಾ, ಅಂವನೇನು?"

"ಅವನೇ."

"ಅಂವಗ ಸ್ವರ ಇಲ್ಲ," ಎಂದರು ಅಜ್ಜಿ ಯೋಚಿಸುತ್ತಾ. "ಆದ್ರ ಸಾಯೂ ಅಷ್ಟೇನ ಕೆಟ್ಟ ಹಾಡೂದಿಲ್ಲ. ಹೊಡಿ ತೂತ."

ಷರತ್ತುಗಳಿದ್ದವು. ಏಕಾದಶಿಯ ದಿನ ಯಂತ್ರ ತಿರುಗಕೂಡದು. ನಟ್ಟುಗಳನ್ನು ಮುಟ್ಟಲು ಕೆಲಸದವರು ಯಾರೂ ಒಳಗೆ ಬರಕೂಡದು, ಸಾಹೇಬರೇ ಬರಬೇಕು. ಅದೂ ಸ್ನಾನ ಮಾಡಿ, ಮಡಿಯಲ್ಲಿ. ನಟ್ಟು ಬಿಗಿಯುವ ಕಬ್ಬಿಣದ ಪಾನವನ್ನೂ ತೊಳೆದು ತರತಕ್ಕದ್ದು. ಸಾಹೇಬರು ಎಲ್ಲಕ್ಕೂ ಒಪ್ಪಿದರು. ಏಕಾದಶಿಯ ಷರತ್ತನ್ನು ಕೇಳಿ ಯಜಮಾನರು ಎದೆ ಹಿಡಿದುಕೊಂಡರೂ, "ದಶಮಿಯ ದಿನ ಎರಡು ಪಾಲು ರುಬ್ಬಿದರಾಯ್ತಪ್ಪ," ಎಂದು ಆ ನಷ್ಟವನ್ನು ಭಾವನ ಖಾತೆಗೆ ದಾಟಿಸಿದರು.

ಶಾಫ್ಟು ಏರಿತು. ಮೊದಲ ದಿನ ಮೋಟಾರು ಹಾಕಿದಾಗ ಮೇಲೆ ಅಜ್ಜಿಯ ಪೂಜೆಯ ಗಂಟೆ ತಾನಾಗಿಯೇ ಕಿಣಿಕಿಣಿ ಎಂದಿತು. ಉದ್ಧರಣೆ ತಟ್ಟೆಯ ಮೇಲೆ ನಡೆಯುತ್ತಾ ಅಂಚಿನವರೆಗೆ ಹೋಗಿ ನಿಂತಿತು. ಇನ್ನು ಜಗಳವೇ ಎಂದು ನಾವೆಲ್ಲ ಮೇಲೆ ಕಿವಿ ಕೊಟ್ಟು ಕುಳಿತೆವು. ಅಜ್ಜಿ ಮೆಟ್ಟಿಲ ತುದಿಗೆ ಬಂದು, "ದೇವರು ಎದ್ದಾನ. ನಡೀಲಿ," ಎಂದು ಹೇಳಿ ಒಳಗೆ ಹೋದರು.

ಈಗ ಗೆರೆಯ ವಿಷಯ ಹೇಳಬೇಕು. ಗಿರಣಿಯಲ್ಲಿ ಸಾಹೇಬರು ಪ್ರತಿ ನಟ್ಟಿನ ಮೇಲಿಂದ ತಗಡಿನ ಮೇಲಕ್ಕೆ ಒಂದು ಕೆಂಪು ಬಣ್ಣದ ಗೆರೆ ಎಳೆಸುತ್ತಿದ್ದರು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದಂತೆ ಕಾಣುತ್ತದೆ. ಇಲ್ಲೂ ಎಳೆದರು. ಮಾರನೆಯ ಬೆಳಿಗ್ಗೆ ಅಜ್ಜಿ ದೇವರ ಪಾತ್ರೆಗಳ ಜೊತೆಗೆ ನಾಲ್ಕು ಬೋಲ್ಟನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯಿಸಿದರು. ಸಾಹೇಬರು ಮತ್ತೆ ಎಳೆದರು; ಅಜ್ಜಿ ಮತ್ತೆ ತಿಕ್ಕಿದರು. ಕೊನೆಗೆ ಒಪ್ಪಂದವಾಯಿತು. ಸಾಹೇಬರು ನಟ್ಟಿನ ಮೇಲೊಂದು, ತಗಡಿನ ಮೇಲೊಂದು ಉಳಿಯಿಂದ ಅಳಿಸಲಾಗದ ಗೀರು ಹಾಕಿಕೊಟ್ಟರು. ಅಜ್ಜಿ ದಿನವೂ ಅವೆರಡನ್ನು ಸೇರಿಸಿ, ಗಂಧದಲ್ಲಿ ಕಲಸಿದ ಕುಂಕುಮದ ಗೆರೆ ಎಳೆಯುವುದು. ಮಾರನೆಯ ದಿನ ತೊಳೆಯುವ ಮೊದಲು ಗೆರೆ ನೆಟ್ಟಗಿದೆಯೇ ನೋಡುವುದು.

"ಮೊದಲು ದರ್ಶನ, ಆಮೇಲೆ ಸ್ನಾನ," ಎಂದು ಸಾಹೇಬರು ಕ್ರಮ ತಿಳಿಸಿದರು. ಈ ಭಾಷೆ ಅಜ್ಜಿಗೆ ಅರ್ಥವಾಯಿತು. "ಗೆರೆ ಮುರಿದಿದ್ರೆ ಒನಕೆಯಿಂದ ನೆಲಕ್ಕೆ ಮೂರು ಸಲ ಕುಟ್ಟಿ. ಕೆಳಗೆ ಮೋಟಾರ್ ನಿಲ್ಲಿಸ್ತಾರೆ."

ನನಗೆ ತಿಳಿದಂತೆ ಇಡೀ ಮುಂಬಯಿಯಲ್ಲಿ, ಯಾವ ಗಿರಣಿಯಲ್ಲೂ, ಬೋಲ್ಟುಗಳ ಪರೀಕ್ಷೆ ಅಷ್ಟು ನಿಷ್ಠೆಯಿಂದ ನಡೆದದ್ದಿಲ್ಲ. ಸಾಹೇಬರ ಕೈಕೆಳಗಿನ ಫಿಟ್ಟರುಗಳು ಕೆಲವು ದಿನ ನೋಡದೆಯೇ ನೋಡಿದ್ದೇವೆ ಎನ್ನುತ್ತಿದ್ದರು. ದೇವರ ಮುಂದೆ ಅಜ್ಜಿ ಹಾಗೆ ಹೇಳುವಂತಿರಲಿಲ್ಲ. ಕ್ರಮೇಣ ಬೋಲ್ಟುಗಳಿಗೆ ತುಳಸಿ ಬಂತು, ಅಕ್ಷತೆ ಬಂತು. ಹೊಸದಾಗಿ ಬಂದ ಮುತ್ತೈದೆಯರು ಬಗ್ಗಿ ನಮಸ್ಕರಿಸಿ, "ಇವು ಯಾವ ದೇವರು?" ಎಂದು ಕೇಳಿದರೆ ಅಜ್ಜಿ, "ಕೆಳಗಿನಾವನ ಆಯುಷ್ಯ," ಎಂದು ಉತ್ತರ ಕೊಡುತ್ತಿದ್ದರು.

ಶನಿವಾರ ಬೆಳಿಗ್ಗೆ ಸಾಹೇಬರ ಸರದಿ. ಒದ್ದೆ ಪಂಚೆ, ಹೆಗಲಮೇಲೆ ವಸ್ತ್ರ, ಕೈಯಲ್ಲಿ ಪಂಚಪಾತ್ರೆಯಂತೆ ಹಿಡಿದ ಪಾನ. ಮೆಟ್ಟಿಲಿಳಿದು ಹೋಗುವ ಆ ಮೆರವಣಿಗೆಗೆ ಕಟ್ಟಡದವರು ದಾರಿ ಬಿಡುತ್ತಿದ್ದರು. ಸಾಹೇಬರು ಅಂಥ ಆಸ್ತಿಕರೇನಲ್ಲ. "ನಂಗೆ ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೆ ಕಣ್ರೀ," ಎಂದು ಒಮ್ಮೆ ಹೇಳಿದ್ದರು. "ಆದ್ರೆ ದೇವರ ಭಯ ಇರೋ ಇನ್‌ಸ್ಪೆಕ್ಟರಲ್ಲಿ ಪೂರ್ತಿ ನಂಬಿಕೆ."

ಈ ನಂಬಿಕೆಯಲ್ಲೊಂದು ಬಿರುಕಿತ್ತು. ಅದು ದೀಪಾವಳಿಗೆ ತಿಳಿಯಿತು.

ಹಬ್ಬದ ಆ ವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನೀರು ತುಂಬುವ ಹಬ್ಬ ಕಳೆದು, ನರಕ ಚತುರ್ದಶಿಯ ಅಭ್ಯಂಜನ ಕಳೆದು, ಬಲಿಪಾಡ್ಯಮಿಯ ಬೆಳಿಗ್ಗೆ. ಕೆಳಗೆ ಮಸಾಲೆದೋಸೆಗಾಗಿ ಜನ ಬೀದಿಯವರೆಗೆ ನಿಂತಿದ್ದರು. ಶಾಫ್ಟು ಗಿರ್ರನೆ ತಿರುಗುತ್ತಿತ್ತು. ಭಾವ ಅದರಡಿಯಲ್ಲಿ ನಿಂತು ಕಲ್ಲಿಗೆ ಅಕ್ಕಿ ಸುರಿಯುತ್ತಾ ಏರುದನಿಯಲ್ಲಿ ಯುದ್ಧದ ಪದ ಹೇಳುತ್ತಿದ್ದರು. ಮೇಲೆ ದಡ್, ದಡ್, ದಡ್ ಎಂದಿತು.

ಭಾವ ಹಾಡು ನಿಲ್ಲಿಸಿ ಮೇಲೆ ನೋಡಿದರು. ಯಜಮಾನರು ಗಲ್ಲಾದಿಂದ ಓಡಿಬಂದರು.

"ನಿಲ್ಲಿಸಬೇಡ! ನಿಲ್ಲಿಸಿದರೆ ಹೊರಗೆ ನನ್ನನ್ನು ಕೊಲ್ತಾರೆ."

"ನಿಲ್ಲಿಸದಿದ್ದರೆ ಒಳಗೆ ನಾನು ಸಾಯ್ತೇನಲ್ಲ ಭಾವ," ಎಂದರು ಭಾವ.

"ಅಜ್ಜಿಗೆ ಕಣ್ಣು ಎಲ್ಲಿ ಕಾಣ್ತದೆ ಮಾರಾಯ? ಕೈ ನಡುಗಿ ಗೆರೆ ಸೊಟ್ಟ ಎಳೆದಿರಬೇಕು. ಒಂದು ಅರ್ಧ ಗಂಟೆ ಸುಧಾರಿಸು."

ದಡ್, ದಡ್, ದಡ್. ಈ ಸಲ ಚಾವಣಿಯ ಸುಣ್ಣ ಉದುರಿತು. ಇಷ್ಟರಲ್ಲಿ ಸಾಹೇಬರು ಬಂದರು. ಬಚ್ಚಲಿನಲ್ಲಿದ್ದವರಿಗೆ ಒನಕೆಯ ಸದ್ದು ಕೇಳಿಸಿತ್ತು. ಮೈಮೇಲೆ ಸೋಪಿನ ನೊರೆ ಇನ್ನೂ ಇತ್ತು. ಅವರು ಯಾರನ್ನೂ ಮಾತಾಡಿಸಲಿಲ್ಲ. ನೇರವಾಗಿ ಹೋಗಿ ಸ್ವಿಚ್ಚನ್ನು ಎಳೆದರು. ಭಾವನ ತೋಳು ಹಿಡಿದು ಅಡಿಗೆಮನೆಯವರೆಗೆ ಕರೆತಂದು ಬಿಟ್ಟರು.

ಆಮೇಲೆ ಮೇಲೆ ಹೋದರು. ನಾನೂ ಹಿಂಬಾಲಿಸಿದೆ. ಒಂದು ಬೋಲ್ಟಿನ ಗೆರೆ ಸ್ಪಷ್ಟವಾಗಿ ಮುರಿದಿತ್ತು. ಮೇಲಿನ ನಟ್ಟು ಕಾಲು ಸುತ್ತು ತಿರುಗಿ, ಅದರಡಿಯ ನಟ್ಟೂ ಹೊರಡುವ ಸಿದ್ಧತೆಯಲ್ಲಿತ್ತು. ಸಾಹೇಬರು ಮಂಡಿಯೂರಿ, ನಟ್ಟಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದರು.

"ಅಜ್ಜಿ, ಇದೇನಿದು? ಎಳ್ಳೆಣ್ಣೆ!"

"ಹೌದಪಾ. ಚತುರ್ದಶಿ ದಿನ ಮನ್ಯಾಗ ಎಲ್ಲಾರೂ ಎಣ್ಣಿ ಹಚ್ಚಿಕೊಂಡು ಎರಕೋತಾರ. ಇವಕ್ಕಷ್ಟ ಬ್ಯಾಡೇನು? ಬೆಚ್ಚಗ ಮಾಡಿ, ತಿಕ್ಕಿ ತಿಕ್ಕಿ ಹಚ್ಚೀನಿ."

ಯಂತ್ರಶಾಸ್ತ್ರದ ಯಾವ ಗ್ರಂಥದಲ್ಲೂ ನಟ್ಟುಗಳ ನರಕ ಚತುರ್ದಶಿಗೆ ಅಧ್ಯಾಯವಿಲ್ಲ. ನಡುಗುವ ಬೋಲ್ಟಿಗೆ ಎಣ್ಣೆಯೆಂದರೆ ಜಾರುಬಂಡೆ. ಒಂದೆಡೆ ಸಡಿಲಿಸಿದವರು ಅಜ್ಜಿ, ಸಡಿಲಾದದ್ದನ್ನು ಹಿಡಿದವರೂ ಅಜ್ಜಿಯೇ. ಬೈಯುವುದೋ ಕೈಮುಗಿಯುವುದೋ ತಿಳಿಯದೆ ಸಾಹೇಬರು ಕೊನೆಗೆ ಎರಡರ ನಡುವಿನ ಒಂದು ದನಿಯಲ್ಲಿ ಹೇಳಿದರು:

"ಅಜ್ಜಿ, ಇವು ಸನ್ಯಾಸಿಗಳು. ಇವಕ್ಕೆ ಅಭ್ಯಂಜನ ಕೂಡದು."

"ಮೊದಲ ಹೇಳಬಾರದೇನು? ಸನ್ಯಾಸಿಗೋಳು ಅಂತ ನಂಗೇನ ಗೊತ್ತು?" ಎಂದು ಅಜ್ಜಿ ಗದರಿಸಿದರು. ಅಂದಿನಿಂದ ಬೋಲ್ಟುಗಳಿಗೆ ಎಣ್ಣೆ ನಿಂತು, ಯತಿಗಳ ಮರ್ಯಾದೆ ಆರಂಭವಾಯಿತು.

ಸಾಹೇಬರು ಸೀಗೆಪುಡಿ ತರಿಸಿ ನಾಲ್ಕೂ ಬೋಲ್ಟಿನ ಜಿಡ್ಡು ತೆಗೆದು ಹೊಸದಾಗಿ ಬಿಗಿದರು. ಅಜ್ಜಿ ಗೆರೆ ಎಳೆದರು. ಕೆಳಗೆ ದೋಸೆ ತಡವಾಯಿತು. ಯಜಮಾನರನ್ನು ಯಾರೂ ಕೊಲ್ಲಲಿಲ್ಲ.

ದಶಕದ ಕೊನೆಯಲ್ಲಿ ಸಾಹೇಬರಿಗೆ ಎದೆಯ ಕಾಯಿಲೆ ಬಂತು. ಪರೇಲಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಕೊಟ್ಟ ಹಾಸಿಗೆಯ ನೆತ್ತಿಗೆ ಸರಿಯಾಗಿ ಒಂದು ಫ್ಯಾನು ಲಟಲಟ ಎನ್ನುತ್ತಾ ತಿರುಗುತ್ತಿತ್ತು. ಹಾಸಿಗೆ ಸರಿಸಿ ಎಂದು ನರ್ಸಮ್ಮನನ್ನು ಕೇಳಿಕೊಂಡೆ. ಈ ರೋಗಿ ಔಷಧಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಕೇಳುತ್ತಾರೆ ಎಂದು ಆಕೆ ಸಿಡುಕಿದರು. ಸಾಹೇಬರು ನಿದ್ದೆಯಿಲ್ಲದೆ, ಗದ್ದ ಎತ್ತಿ, ಆ ಫ್ಯಾನನ್ನೇ ನೋಡುತ್ತಾ ಮಲಗಿದ್ದರು. ಹುಣಸೆಬೀಜದ ಕಲೆ ಬೆಳ್ಳಗೆ ಕಾಣುತ್ತಿತ್ತು.

ನಾನು ಮೆಟ್ಟಿಲು ಹತ್ತಿ ಮೇಲಿನ ಅಂತಸ್ತಿಗೆ ಹೋದೆ. ಅದು ಹೆಂಗಸರ ವಾರ್ಡು. ಮೂಲೆಯಿಂದ ಅಂದಾಜು ಅಳತೆ ಹಿಡಿದು, ಒಂದು ಮಂಚದ ಬಳಿ ಹೋಗಿ, ಬಗ್ಗಿ, ಅದರಡಿಯಲ್ಲಿ ನೋಡಿದೆ. ಮಂಚದ ಮೇಲಿದ್ದ ಮರಾಠಿ ಹೆಂಗಸು ಕಿರುಚಿಕೊಂಡಳು. ಮೇಟ್ರನ್ ಬಂದು ನನ್ನ ವಿದ್ಯಾಭ್ಯಾಸ, ಸಂಸ್ಕಾರ ಮತ್ತು ಪೊಲೀಸರ ಕುರಿತು ಬಹಳ ಹೊತ್ತು ಮಾತಾಡಿದರು. ನನಗೆ ಬೇಕಾದದ್ದು ಕಂಡಾಗಿತ್ತು.

ಕೆಳಗಿಳಿದು ಬಂದು, "ಸಾರ್, ಆರುಪಾರು ಹಾಕಿದಾರೆ. ಮೇಲೆ ತಗಡಿದೆ," ಎಂದೆ.

"ನೋಡಿದ್ರಾ? ಕಣ್ಣಾರೆ?"

"ಕಣ್ಣಾರೆ ನೋಡಿದೆ."

"ಜೋಡಿ ನಟ್ಟಾ?"

"ಜೋಡಿ."

"ಹಾಗಾದ್ರೆ ಸರಿ," ಎಂದು ಸಾಹೇಬರು ಕಣ್ಣು ಮುಚ್ಚಿದರು. ಅವರ ಗದ್ದ ಮೆಲ್ಲಗೆ ಇಳಿದು ಎದೆಯ ಕಡೆಗೆ ಬಂತು, ಕಲೆ ಮರೆಯಾಯಿತು. ಅಷ್ಟು ವರ್ಷ ಜೊತೆಗಿದ್ದೂ ಅವರ ಮುಖವನ್ನು ನಾನು ನೇರವಾಗಿ ನೋಡಿದ್ದು ಆ ದಿನವೇ. ಮುಂದಿನ ವಾರ, ಹಾಗೆಯೇ ಮಲಗಿದ್ದಾಗ, ಅವರು ತೀರಿಕೊಂಡರು. ಮೇಲಿನಿಂದ ಏನೂ ಬಿದ್ದದ್ದಲ್ಲ.

ಅವರ ನಂತರ ಬಂದ ಮೊದಲ ಶನಿವಾರ, ಪಾನದ ಗತಿಯೇನೆಂದು ಯಾರೂ ಯೋಚಿಸಿರಲಿಲ್ಲ. ಬೆಳಿಗ್ಗೆ ನಾನು ಮೆಟ್ಟಿಲಿಳಿಯುವಾಗ ಎದುರಿಗೆ ಭಾವ ಹತ್ತಿ ಬರುತ್ತಿದ್ದರು. ಒದ್ದೆ ಪಂಚೆ, ಕೈಯಲ್ಲಿ ತೊಳೆದ ಪಾನ. ಬಾಯಲ್ಲಿ ಪದವಿರಲಿಲ್ಲ. ಅಜ್ಜಿ ಬಾಗಿಲು ತೆರೆದು, "ಒಳಗ ಬಾರಪಾ," ಎಂದರು.

ನಾನು ಇಂದಿಗೂ ಯಾರ ಮನೆಗೆ ಹೋದರೂ ಕೂರುವ ಮೊದಲು ಒಮ್ಮೆ ಮೇಲೆ ನೋಡುತ್ತೇನೆ. ಜನ ಇದನ್ನು ಭಕ್ತಿಯೆಂದು ತಿಳಿದು ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದಾರೆ. ಸಾಹೇಬರಿಂದ ನನಗೆ ಬಂದ ಆಸ್ತಿ ಅಷ್ಟೆ, ಮತ್ತು ಇನ್ನೂ ಒಡೆಯದೆ ಉಳಿದಿರುವ ನನ್ನ ತಲೆ.

ಮುಂದೆ ನೆಲದ ಮೇಲೆಯೇ ನಿಲ್ಲುವ ರುಬ್ಬುವ ಯಂತ್ರಗಳು ಬಂದವು, ಶಾಫ್ಟನ್ನು ಇಳಿಸಿದರು. ನಟ್ಟುಗಳು ಬಿಚ್ಚಿಕೊಳ್ಳಲಿಲ್ಲ, ಗರಗಸದಿಂದ ಕೊಯ್ಯಬೇಕಾಯಿತು. ಭಾವ ಈಗ ಅದೇ ಹೋಟೆಲಿನ ಯಜಮಾನರು. ಶಾಫ್ಟು ಒಮ್ಮೆಯೂ ಬೀಳಲಿಲ್ಲ.